ಬಿಲ್ ಮಾಡಿದ್ದು ಯಾರೋ, ಕಟ್ಟಿದ್ದು ಫ್ರೆಂಚ್ ಮೇಷ್ಟ್ರು

ಅಮೆರಿಕಾದಲ್ಲಿ ಹಳೇ ಸ್ಟೂಡೆಂಟ್ಸ್ ಕೆಮ್ಮಿದ್ರೆ ಸಾಕು ಯೂನಿವರ್ಸಿಟಿ ಪ್ರೆಸಿಡೆಂಟ್ ಎದ್ದು ನಿಲ್ತಾರೆ, ಯಾಕಂದ್ರೆ ಡೊನೇಷನ್ ಕೊಡೋದು ಅವರೇ ಅಲ್ವಾ, ಅಂತ ನಮ್ಮೂರ ಕಡೆ ಒಂದು ನಂಬಿಕೆ ಇದೆ. ಊರಿಗೆ ಹೋದಾಗೆಲ್ಲ ಯಾರಾದ್ರೂ ಒಬ್ಬರು ಇದನ್ನ ಹೇಳೇ ಹೇಳ್ತಾರೆ, ಅದೂ ನಮ್ಮ ಕಾಲೇಜುಗಳ ಗತಿ ಬಗ್ಗೆ ಮಾತು ಬಂದಾಗ. ಅವರಿಗೆಲ್ಲ ನಾನು ಹೇಳೋದು ವೆಸ್ಟ್ ವರ್ಜೀನಿಯಾ ರಾಜ್ಯದ ಮಾರ್ಗನ್‌ಟೌನ್ ಕಥೆ, ಅಲ್ಲಿನ ಯೂನಿವರ್ಸಿಟಿ ಕೋರ್ಸ್‌ಗಳನ್ನ ಮುಚ್ಚಿದ ಕಥೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಈ ಸಲ ಬರೆದೇ ಬಿಡ್ತೀನಿ, ಇನ್ಮೇಲೆ ಲಿಂಕ್ ಕಳಿಸಿದ್ರಾಯ್ತು.

ನಾನಿರೋ ಪಿಟ್ಸ್‌ಬರ್ಗ್‌ನಿಂದ ಐ-79 ಹಿಡಿದು ದಕ್ಷಿಣಕ್ಕೆ ಹೊರಟ್ರೆ ಒಂದೂಕಾಲು ಗಂಟೆಗೆ ಮಾರ್ಗನ್‌ಟೌನ್. ಮೊನೊಂಗಹೇಲಾ ನದಿ ದಂಡೆ, ಸುತ್ತ ಬೆಟ್ಟ, ಬೆಟ್ಟದ ಮೈಮೇಲೆಲ್ಲ ವೆಸ್ಟ್ ವರ್ಜೀನಿಯಾ ಯೂನಿವರ್ಸಿಟಿ. ಊರಲ್ಲಿ ಪಿಆರ್‌ಟಿ ಅಂತ ಒಂದು ವಿಚಿತ್ರ ಗಾಡಿ ಓಡುತ್ತೆ, 1975ರಿಂದ. ಡ್ರೈವರ್ ಇಲ್ಲ. ಎಂಟು ಸೀಟಿನ ಪುಟ್ಟ ಡಬ್ಬಿ, ಸ್ಟೇಷನ್ ಗೇಟಲ್ಲಿ ಐವತ್ತು ಸೆಂಟ್ ಹಾಕಿ ಎಲ್ಲಿಗೆ ಹೋಗ್ಬೇಕೋ ಆ ಬಟನ್ ಒತ್ತಿದ್ರೆ ಮಧ್ಯದ ಸ್ಟೇಷನ್‌ಗಳನ್ನೆಲ್ಲ ಬೈಪಾಸ್ ಮಾಡ್ಕೊಂಡು ಸೀದಾ ಅಲ್ಲಿಗೇ ಬಿಡುತ್ತೆ. ಡೌನ್‌ಟೌನ್ ಕ್ಯಾಂಪಸ್ಸಿಗೂ ಇವಾನ್ಸ್‌ಡೇಲ್ ಕ್ಯಾಂಪಸ್ಸಿಗೂ ಹುಡುಗ್ರು ಓಡಾಡೋಕೆ ಮಾಡಿದ್ದು. ಗಡಗಡ ಅಂತ ಅಲ್ಲಾಡುತ್ತೆ, ಆಗಾಗ ಕೆಟ್ಟು ನಿಲ್ಲುತ್ತೆ, ಹುಡುಗ್ರು ಬೈತಾರೆ, ಆದ್ರೂ ಆ ಊರಿಗೆ ಅದೇ ಹೆಮ್ಮೆ. ಐವತ್ತು ವರ್ಷದ ಹಿಂದೆ ಇಷ್ಟು ಬಡ ರಾಜ್ಯದ ಒಂದು ಸರ್ಕಾರಿ ಯೂನಿವರ್ಸಿಟಿ ಊರಲ್ಲಿ ಯಾರೋ ಇಂಥದ್ದನ್ನ ಮಾಡೋಣ ಅಂತ ಧೈರ್ಯ ಮಾಡಿದ್ರಲ್ಲ ಅಂತ ನಂಗೆ ಅದರಲ್ಲಿ ಕೂತಾಗ್ಲೆಲ್ಲ ಅನ್ನಿಸುತ್ತೆ.

ಈಗ ವಿಷಯಕ್ಕೆ ಬರೋಣ. 2023ರ ಆಗಸ್ಟ್, ಇನ್ನೇನು ಕ್ಲಾಸ್ ಶುರುವಾಗ್ಬೇಕು ಅನ್ನುವಾಗ ಯೂನಿವರ್ಸಿಟಿ ಒಂದು ಲಿಸ್ಟ್ ಬಿಡ್ತು. ಒಟ್ಟು 338 ಮೇಜರ್‌ಗಳಲ್ಲಿ (ಡಿಗ್ರಿಗೆ ಆರಿಸಿಕೊಳ್ಳೋ ಮುಖ್ಯ ವಿಷಯಗಳಲ್ಲಿ) 32 ಬಂದ್, 169 ಜನ ಮೇಷ್ಟ್ರ ಕೆಲಸ ಹೋಗುತ್ತೆ ಅಂತ. ಕಾರಣ ಆ ವರ್ಷದ ಬಜೆಟ್‌ನಲ್ಲಿ 45 ಮಿಲಿಯನ್ ಡಾಲರ್ ಖೋತಾ, ಆಗಿನ ರೇಟಲ್ಲಿ ಸುಮಾರು 370 ಕೋಟಿ ರೂಪಾಯಿ. ಲಿಸ್ಟಲ್ಲಿ ಇದ್ದದ್ದು ಏನೇನಪ್ಪಾ ಅಂದ್ರೆ ಗಣಿತದ ಪಿಎಚ್‌ಡಿ, ಕಥೆ ಕವಿತೆ ಬರೆಯೋದು ಕಲಿಸೋ ಎಂಎಫ್‌ಎ, ಇನ್ನೂ ಏನೇನೋ, ಆದ್ರೆ ಎಲ್ಲರಿಗೂ ಹೊಟ್ಟೆ ಉರಿಸಿದ್ದು ವರ್ಲ್ಡ್ ಲ್ಯಾಂಗ್ವೇಜಸ್ ಡಿಪಾರ್ಟ್‌ಮೆಂಟ್. ಅದರಲ್ಲಿ ಒಂದೆರಡು ಕೋರ್ಸ್ ಅಲ್ಲ, ಇಡೀ ಡಿಪಾರ್ಟ್‌ಮೆಂಟೇ. ಫ್ರೆಂಚ್, ಸ್ಪ್ಯಾನಿಷ್, ಜರ್ಮನ್, ರಷ್ಯನ್, ಚೈನೀಸ್, ಲಿಂಗ್ವಿಸ್ಟಿಕ್ಸ್, ಎಲ್ಲ ಗುಡಿಸಿ ಹಾಕೋದು. ಒಂದು ರಾಜ್ಯದ ಮುಖ್ಯ ಯೂನಿವರ್ಸಿಟಿಲಿ ಒಂದೇ ಒಂದು ಪರಭಾಷೆಲೂ ಡಿಗ್ರಿ ಸಿಗಲ್ಲ ಅಂದ್ರೆ ಏನು ಹೇಳೋದು. ಡಿಗ್ರಿಗೆ ಬೇರೆ ಭಾಷೆ ಕಲೀಲೇಬೇಕು ಅನ್ನೋ ನಿಯಮಾನೂ ತೆಗೀತೀವಿ ಅಂದ್ರು. ಹಂಗಾದ್ರೆ ಭಾಷೆ ಕಲೀಬೇಕು ಅನ್ನೋ ಹುಡುಗ್ರು ಏನ್ಮಾಡ್ಬೇಕು ಅಂದ್ರೆ, ಯಾವುದಾದ್ರೂ ಆನ್‌ಲೈನ್ ಆ್ಯಪ್ ಜೊತೆ ಪಾರ್ಟ್‌ನರ್‌ಶಿಪ್ ಮಾಡ್ಕೊಳೋದು ನೋಡ್ತಿದೀವಿ ಅಂತ ಉತ್ತರ.

ನಾನೂ ಆ್ಯಪಲ್ಲಿ ಸ್ಪ್ಯಾನಿಷ್ ಕಲಿತಿದೀನಿ ಸ್ವಾಮಿ. ಬೆಕ್ಕು ಹಾಲು ಕುಡಿಯುತ್ತೆ, ನನ್ನ ಅತ್ತೆ ಹತ್ರ ಕೆಂಪು ಪರ್ಸ್ ಇದೆ, ಇಷ್ಟು ಬರುತ್ತೆ. ನಮ್ಮ ಮನೆ ರೂಫ್ ರಿಪೇರಿಗೆ ಬಂದ ಮೆಕ್ಸಿಕನ್ ಅಣ್ಣನ ಹತ್ರ ಮಾತಾಡೋಕೆ ಹೋದ್ರೆ ಅವನು ಪಾಪ ನಕ್ಕು ಇಂಗ್ಲಿಷಲ್ಲೇ ಮುಗಿಸಿದ.

ಆ ಖೋತಾ ಸುಳ್ಳಾ ಅಂದ್ರೆ ಸುಳ್ಳಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಕಲ್ಲಿದ್ದಲು ರಾಜ್ಯ ಅದು, ಗಣಿ ಕೆಲಸ ಹೋದಂಗೆ ಜನ ಊರು ಬಿಡ್ತಾ ಬಂದ್ರು. 1950ರಲ್ಲಿ ರಾಜ್ಯದ ಜನಸಂಖ್ಯೆ 20 ಲಕ್ಷ ದಾಟಿತ್ತು, 2020ರ ಸೆನ್ಸಸ್ಸಲ್ಲಿ 18 ಲಕ್ಷಕ್ಕೂ ಕಮ್ಮಿ. ಹಿಂದಿನ ಹತ್ತು ವರ್ಷದಲ್ಲಿ ಶೇಕಡಾವಾರು ಲೆಕ್ಕದಲ್ಲಿ ಅತಿ ಹೆಚ್ಚು ಜನ ಕಳ್ಕೊಂಡ ರಾಜ್ಯ ಅದೇ. ಮಕ್ಕಳೇ ಕಮ್ಮಿ ಆದ್ಮೇಲೆ ಅಡ್ಮಿಷನ್ ಎಲ್ಲಿಂದ ಬರುತ್ತೆ, 2015ರಿಂದ ಶೇ. 10ರಷ್ಟು ಇಳಿದಿತ್ತು. ಇದು ಎಲ್ಲರಿಗೂ ಕಾಣ್ತಿದ್ದ ವಿಷಯ, ಒಬ್ಬರನ್ನ ಬಿಟ್ಟು.

ಆ ಒಬ್ಬರು ಆಗಿನ ಯೂನಿವರ್ಸಿಟಿ ಪ್ರೆಸಿಡೆಂಟ್, ಇ. ಗಾರ್ಡನ್ ಜೀ. (ಸರ್‌ನೇಮೇ ಹಂಗೆ, ನಾವು ಮರ್ಯಾದೆಗೆ ಸೇರ್ಸಿದ ಜೀ ಅಲ್ಲ.) ಯಾವಾಗ್ಲೂ ಬೋ ಟೈ ಕಟ್ಕೊಂಡಿರೋ ಮನುಷ್ಯ, ಅಮೆರಿಕಾದ ಹೈಯರ್ ಎಜುಕೇಷನ್ ಲೋಕದಲ್ಲಿ ದೊಡ್ಡ ಹೆಸರು, ಓಹಾಯೋ ಸ್ಟೇಟ್, ಬ್ರೌನ್, ವಾಂಡರ್‌ಬಿಲ್ಟ್ ಎಲ್ಲ ಕಡೆ ಪ್ರೆಸಿಡೆಂಟ್ ಆಗಿದ್ದೋರು. ವೆಸ್ಟ್ ವರ್ಜೀನಿಯಾಗೆ 2014ರಲ್ಲಿ ಎರಡನೇ ಸಲ ಬಂದಾಗ 2020ರ ಹೊತ್ತಿಗೆ 40 ಸಾವಿರ ಸ್ಟೂಡೆಂಟ್ಸ್ ಮಾಡ್ತೀನಿ ಅಂತ ಹೇಳ್ಕೊಂಡಿದ್ರು. ಆ ನಂಬಿಕೆ ಮೇಲೆ ಬಿಲ್ಡಿಂಗ್ ಎದ್ದವು, ಸಾಲ ಏರ್ತು. 40 ಸಾವಿರ ಎಲ್ಲಿಂದ ಬರ್ಬೇಕು, ಇದ್ದೋರೇ ಇಳಿದ್ರು. ಮದುವೆಗೆ ಎರಡು ಸಾವಿರ ಎಲೆಗೆ ಅಡುಗೆ ಮಾಡ್ಸಿ ಎಂಟ್ನೂರು ಜನ ಬಂದ್ರೆ ನಷ್ಟ ಯಾರ ತಲೆಗೆ? ಇಲ್ಲಿ ಬಡಿಸೋಕೆ ಬಂದೋರ ಕೂಲಿ ಹಿಡಿದ್ರು. ಎಲೆ ಲೆಕ್ಕ ಹಾಕಿದ ಯಜಮಾನರಿಗೆ ಅದೇ 2023ರ ಜುಲೈಲಿ ಕಾಂಟ್ರಾಕ್ಟ್ ಎಕ್ಸ್‌ಟೆನ್ಷನ್ ಸಿಕ್ತು, ಸಂಬಳ ವರ್ಷಕ್ಕೆ ಎಂಟು ಲಕ್ಷ ಡಾಲರ್ ಆಸುಪಾಸು. ಕೋರ್ಸ್ ಕಟ್ಸ್ ಲಿಸ್ಟ್ ಬಂದಿದ್ದು ಅದಾದ ಮುಂದಿನ ತಿಂಗಳು.

ಹುಡುಗ್ರು ಸುಮ್ನಿರಲಿಲ್ಲ. ವೆಸ್ಟ್ ವರ್ಜೀನಿಯಾ ಯುನೈಟೆಡ್ ಸ್ಟೂಡೆಂಟ್ಸ್ ಯೂನಿಯನ್ ಅಂತ ಕಟ್ಕೊಂಡು ಆಗಸ್ಟ್ 21ಕ್ಕೆ ವಾಕೌಟ್ ಮಾಡಿದ್ರು, ನೂರಾರು ಜನ, ಎರಡೂ ಕ್ಯಾಂಪಸ್ಸಲ್ಲಿ. ಮೌಂಟನ್‌ಲೇರ್ ಅಂತ ಸ್ಟೂಡೆಂಟ್ ಸೆಂಟರ್ ಇದೆ, ಅದರ ಮುಂದೆ ಜಮಾಯಿಸಿದ್ರು. ಬಹಳಷ್ಟು ಜನ ಕೆಂಪು ಶರ್ಟು, ಕುತ್ತಿಗೆಗೆ ಕೆಂಪು ಕರ್ಚೀಫು. ಯೂನಿವರ್ಸಿಟಿ ಬಣ್ಣ ನೀಲಿ ಮತ್ತೆ ಹಳದಿ, ಇವರು ಯಾಕೆ ಕೆಂಪು ಹಾಕಿದ್ರು ಅಂದ್ರೆ ಅದಕ್ಕೊಂದು ಹಿನ್ನೆಲೆ ಇದೆ. 1921ರಲ್ಲಿ ಅದೇ ರಾಜ್ಯದ ಬ್ಲೇರ್ ಮೌಂಟನ್ ಅನ್ನೋ ಕಡೆ ಸುಮಾರು ಹತ್ತು ಸಾವಿರ ಗಣಿ ಕಾರ್ಮಿಕರು ಯೂನಿಯನ್ ಹಕ್ಕಿಗೋಸ್ಕರ ಬಂದೂಕು ಹಿಡಿದು ನಿಂತಿದ್ರು, ತಮ್ಮೋರು ಯಾರು ಅಂತ ಗೊತ್ತಾಗ್ಲಿ ಅಂತ ಕೊರಳಿಗೆ ಕೆಂಪು ಬಟ್ಟೆ ಕಟ್ಕೊಂಡಿದ್ರು. 2018ರಲ್ಲಿ ಇಡೀ ರಾಜ್ಯದ ಸ್ಕೂಲ್ ಟೀಚರ್ಸ್ ಸ್ಟ್ರೈಕ್ ಮಾಡಿ 55 ಕೌಂಟಿಗಳ ಶಾಲೆನೂ ಮುಚ್ಚಿಸಿದಾಗ್ಲೂ ಅದೇ ಕೆಂಪು ಕರ್ಚೀಫು ಬೀದಿಗೆ ಬಂದಿತ್ತು. ಅಂದ್ರೆ ಈ ಹುಡುಗ್ರು ನಮ್ಮ ಕೋರ್ಸ್ ಉಳಿಸಿ ಅಂತ ಅರ್ಜಿ ಹಿಡ್ಕೊಂಡು ಬಂದಿರಲಿಲ್ಲ, ನಮ್ಮಜ್ಜಂದಿರು ಯಾರ ವಿರುದ್ಧ ನಿಂತಿದ್ರು ನೆನಪಿದೆಯಾ ಅಂತ ಕೇಳೋಕೆ ಬಂದಿದ್ರು. ನಂಗೆ ಈ ಇಡೀ ಗಲಾಟೆಲಿ ಬಹಳ ಇಷ್ಟ ಆಗಿದ್ದು ಇದೇ.

ಅಲಮ್ನಿಗಳೂ, ಅಂದ್ರೆ ಹಳೇ ಸ್ಟೂಡೆಂಟ್ಸೂ, ಬರೆದ್ರು. ಪೇಪರ್‌ಗಳಿಗೆ ಪತ್ರ, ಯೂನಿವರ್ಸಿಟಿ ನಡೆಸೋ ಬೋರ್ಡ್‌ಗೆ ಪತ್ರ, ಪಿಟಿಷನ್‌ಗೆ ಸೈನು. ಕಲ್ಲಿದ್ದಲು ಊರಿಂದ ಬಂದು ಇಲ್ಲಿ ಭಾಷೆ ಕಲಿತು ಹೊರಗಿನ ಪ್ರಪಂಚ ನೋಡಿದೋರು ಹೇಳಿದ ಮಾತು ಹೆಚ್ಚು ಕಮ್ಮಿ ಒಂದೇ: ನಂಗೆ ಬೇರೆ ದಾರಿ ಇರಲಿಲ್ಲ, ಈ ಯೂನಿವರ್ಸಿಟಿಲಿ ಅದು ಸಿಗ್ತಿತ್ತು ಅನ್ನೋದಕ್ಕೇ ನಾನು ಕಲಿತೆ. ಇದು ಬರೀ ಸೆಂಟಿಮೆಂಟ್ ಅಲ್ಲ. ಆ ರಾಜ್ಯದಲ್ಲಿ ಪ್ರಾಮಿಸ್ ಅಂತ ಒಂದು ಸ್ಕಾಲರ್‌ಶಿಪ್ ಇದೆ, ಒಳ್ಳೆ ಮಾರ್ಕ್ಸ್ ತೆಗೆದ ಅಲ್ಲಿನ ಮಕ್ಕಳಿಗೆ, ಆದ್ರೆ ಅದು ರಾಜ್ಯದ ಒಳಗಿನ ಕಾಲೇಜಲ್ಲಿ ಮಾತ್ರ ನಡೆಯುತ್ತೆ. ರಷ್ಯನ್ ಓದ್ಬೇಕು ಅಂತ ಪಕ್ಕದ ರಾಜ್ಯಕ್ಕೆ ಹೋದ್ರೆ ಸ್ಕಾಲರ್‌ಶಿಪ್ಪೂ ಹೋಯ್ತು, ಮೇಲೆ ಹೊರ ರಾಜ್ಯದೋರ ಫೀಸು. ದುಡ್ಡಿದ್ದ ಮನೆ ಮಕ್ಕಳು ಹೋಗ್ತಾರೆ ಬಿಡಿ. ಈ ಯೂನಿವರ್ಸಿಟಿ 1867ರಲ್ಲಿ ಶುರುವಾಗಿದ್ದು ಲ್ಯಾಂಡ್ ಗ್ರಾಂಟ್ ಸ್ಕೀಮಲ್ಲಿ, ಅಂದ್ರೆ ಕೇಂದ್ರ ಸರ್ಕಾರ ಜಮೀನು ಕೊಟ್ಟು, ಸಾಮಾನ್ಯರ ಮಕ್ಕಳಿಗೆ ಕೃಷಿ, ಎಂಜಿನಿಯರಿಂಗ್ ಕಲಿಸಿ, ಜೊತೆಗೆ ಉಳಿದ ಶಾಸ್ತ್ರಗಳನ್ನೂ ಬಿಡಬೇಡಿ ಅಂತ 1862ರ ಕಾಯ್ದೆಲೇ ಬರೆದಿತ್ತು. ಎರಡನೇ ಅರ್ಧ ಎಲ್ಲರೂ ಮರೀತಾರೆ.

ಸೆಪ್ಟೆಂಬರ್ 6ಕ್ಕೆ ಮೇಷ್ಟ್ರುಗಳ ಸಭೆ ಸೇರಿ ಪ್ರೆಸಿಡೆಂಟ್ ಮೇಲೆ ಅವಿಶ್ವಾಸ ನಿರ್ಣಯ ಹಾಕ್ತು. 797 ವಿಶ್ವಾಸ ಇಲ್ಲ, 100 ಇದೆ. ನಮ್ಮ ಅಸೆಂಬ್ಲಿಲಿ ಹಿಂಗಾಗಿದ್ರೆ ಅವತ್ತು ಸಂಜೆಯೊಳಗೆ ರಾಜೀನಾಮೆ. ಅಲ್ಲಿ ಏನೂ ಆಗ್ಲಿಲ್ಲ, ಆ ವೋಟಿಗೆ ಕಾನೂನು ಬಲ ಇಲ್ಲ, ನಿರ್ಧಾರ ಮಾಡೋದು ಬೋರ್ಡ್ ಆಫ್ ಗವರ್ನರ್ಸ್. ಆ ಬೋರ್ಡಲ್ಲಿ ಹೆಚ್ಚಿನೋರನ್ನ ನೇಮಕ ಮಾಡೋದು ರಾಜ್ಯದ ಗವರ್ನರ್ (ಅಲ್ಲಿ ಗವರ್ನರ್ ಅಂದ್ರೆ ನಮ್ಮ ಮುಖ್ಯಮಂತ್ರಿ ತರ). ಅಂದ್ರೆ ಹಳೇ ಸ್ಟೂಡೆಂಟ್ಸ್ ಕೈಲಿ ಯೂನಿವರ್ಸಿಟಿ ಇರುತ್ತೆ ಅನ್ನೋ ಮಾತಿಗೆ ಉತ್ತರ ಇಲ್ಲೇ ಇದೆ. ಸರ್ಕಾರಿ ಯೂನಿವರ್ಸಿಟಿ ಯಾರ ಕೈಲಿ ಇರುತ್ತೆ ಅಂದ್ರೆ ಸರ್ಕಾರ ಯಾರನ್ನ ಕೂರಿಸುತ್ತೋ ಅವರ ಕೈಲಿ, ಅಲ್ಲೂ ಅಷ್ಟೇ ಇಲ್ಲೂ ಅಷ್ಟೇ. ಅಲಮ್ನಿ ದುಡ್ಡು ಕೊಟ್ರೂ ಬಹುಪಾಲು ಅದು ಇಂಥ ಕೆಲಸಕ್ಕೇ ಅಂತ ಕಟ್ಟಿ ಹಾಕಿರುತ್ತೆ, ಇಂಥ ಬಿಲ್ಡಿಂಗಿಗೆ, ಇಂಥ ಸ್ಕಾಲರ್‌ಶಿಪ್ಪಿಗೆ, ಅದನ್ನ ತೆಗೆದು ಮೇಷ್ಟ್ರ ಸಂಬಳಕ್ಕೆ ಹಾಕೋಕಾಗಲ್ಲ.

ಸೆಪ್ಟೆಂಬರ್ 15ಕ್ಕೆ ಬೋರ್ಡ್ ವೋಟ್ ಹಾಕ್ತು. ಕೊನೇ ಲೆಕ್ಕ 28 ಮೇಜರ್ ಬಂದ್, 143 ಮೇಷ್ಟ್ರ ಹುದ್ದೆ ಕಟ್. ಅಷ್ಟೆಲ್ಲ ಕೂಗಾಡಿದ್ದಕ್ಕೆ ಏನು ಉಳೀತು ಅಂದ್ರೆ ಎಂಎಫ್‌ಎ ಉಳೀತು, ಭಾಷೆಗಳಲ್ಲಿ ಸ್ಪ್ಯಾನಿಷ್ ಚೈನೀಸ್ ಕಲಿಸೋಕೆ ಐದು ಜನ ಮೇಷ್ಟ್ರು ಉಳಿದ್ರು, ಡಿಗ್ರಿ ಇಲ್ಲ, ಸುಮ್ನೆ ಎಲೆಕ್ಟಿವ್ ತರ. ಇಪ್ಪತ್ನಾಕು ಜನ ಇದ್ದ ಡಿಪಾರ್ಟ್‌ಮೆಂಟಲ್ಲಿ ಐದು. ಇದನ್ನ ಗೆಲುವು ಅನ್ನೋರೂ ಇದ್ರು.

ಸರಿ, ದುಡ್ಡೇ ಇರಲಿಲ್ಲ ಅಂದ್ರೆ ಏನ್ಮಾಡೋಕಾಗುತ್ತೆ ಅಂತೀರ. ಅದೇ ವರ್ಷ ಆ ರಾಜ್ಯದ ಖಜಾನೆಲಿ 1.8 ಬಿಲಿಯನ್ ಡಾಲರ್ ಉಳಿತಾಯ ಇತ್ತು, ರಾಜ್ಯದ ಇತಿಹಾಸದಲ್ಲೇ ದಾಖಲೆ. ಅದೇ ವರ್ಷ ಮಾರ್ಚಲ್ಲಿ ಇನ್‌ಕಮ್ ಟ್ಯಾಕ್ಸ್ ಶೇ. 21.25 ಇಳಿಸಿದ್ರು. ಅದೇ ಆಗಸ್ಟಲ್ಲಿ, ಮಾರ್ಗನ್‌ಟೌನಲ್ಲಿ ಹುಡುಗ್ರು ಪ್ರತಿಭಟನೆಗೆ ಪ್ಲಕಾರ್ಡ್ ಬರೀತಾ ಇದ್ದಾಗ, ವಿಶೇಷ ಅಧಿವೇಶನ ಕರೆದು ಅದೇ ರಾಜ್ಯದ ಇನ್ನೊಂದು ಯೂನಿವರ್ಸಿಟಿ, ಹಂಟಿಂಗ್ಟನ್‌ನ ಮಾರ್ಷಲ್‌ಗೆ, ಸೈಬರ್ ಸೆಕ್ಯುರಿಟಿ ಸೆಂಟರ್ ಮಾಡೋಕೆ ದುಡ್ಡು ಮಂಜೂರು ಮಾಡಿದ್ರು. ಎಷ್ಟು ಗೊತ್ತಾ? 45 ಮಿಲಿಯನ್. ಸರಿಯಾಗಿ ಅಷ್ಟೇ. ಸೈಬರ್ ಸೆಕ್ಯುರಿಟಿ ಬೇಡ ಅಂತ ನಾನು ಹೇಳಲ್ಲ, ನನ್ನ ಹೊಟ್ಟೆ ತುಂಬಿಸೋದೇ ಕಂಪ್ಯೂಟರ್. ಆದ್ರೆ ದುಡ್ಡಿಲ್ಲ ಅನ್ನೋ ಮಾತನ್ನ ಮಾತ್ರ ಹೇಳ್ಬೇಡಿ ಅಷ್ಟೇ.

ಇನ್ನೊಂದು ವಿಷಯ, ಸಂಖ್ಯೆ ಎಣಿಸೋದು. ಈ ಕಟ್ಸ್‌ನಿಂದ ತೊಂದರೆ ಆಗೋದು 434 ಸ್ಟೂಡೆಂಟ್ಸ್‌ಗೆ ಮಾತ್ರ, ಶೇ. 2, ಅಂತ ಮೊದಲ ಲಿಸ್ಟ್ ಜೊತೆ ಯೂನಿವರ್ಸಿಟಿ ಹೇಳ್ತು. ಆ ಕೋರ್ಸಲ್ಲಿ ಮೇಜರ್ ಮಾಡ್ತಿರೋರ ತಲೆ ಎಣಿಸಿದ್ರೆ ಅಷ್ಟೇ ಬರುತ್ತೆ. ಆದ್ರೆ ಫ್ರೆಂಚ್ ಕ್ಲಾಸಲ್ಲಿ ಕೂರೋರು ಬರೀ ಫ್ರೆಂಚ್ ಮೇಜರ್‌ಗಳಾ? ಎಂಜಿನಿಯರಿಂಗ್ ಹುಡುಗ, ನರ್ಸಿಂಗ್ ಹುಡುಗಿ, ಪೊಲಿಟಿಕಲ್ ಸೈನ್ಸ್ ಓದಿ ಫಾರಿನ್ ಸರ್ವಿಸ್‌ಗೆ ಹೋಗ್ಬೇಕು ಅನ್ನೋನು, ಎಲ್ಲ ಬಂದು ಕೂರ್ತಾರೆ, ಫೀಸ್ ಕೊಟ್ಟೇ ಕೂರ್ತಾರೆ. ಭಾಷೆ ಮೇಷ್ಟ್ರುಗಳು ಅದನ್ನೇ ಹೇಳಿದ್ದು, ನಾವು ಯೂನಿವರ್ಸಿಟಿಗೆ ಖರ್ಚಲ್ಲ, ಲಾಭ ತರ್ತಾ ಇದೀವಿ ಅಂತ. ಕನ್ಸಲ್ಟೆನ್ಸಿ ಕಂಪನಿ ಕರೆಸಿ ಸ್ಪ್ರೆಡ್‌ಶೀಟ್ ಮಾಡಿಸಿದಾಗ ಯಾವ ಕಾಲಂ ಇಡ್ಬೇಕು ಯಾವುದನ್ನ ಬಿಡ್ಬೇಕು ಅಂತ ನಿರ್ಧಾರ ಆಗ್ತಿದ್ದಂಗೆ ಅರ್ಧ ತೀರ್ಪು ಆಗ್ಹೋಗಿರುತ್ತೆ, ಆಮೇಲೆ ನಾವು ಬೀದಿಲಿ ನಿಂತು ಕೂಗೋದು ಆ ಉಳಿದರ್ಧಕ್ಕೆ.

ಹಾಗಂತ ಹೋರಾಟ ಮಾಡಿ ಪ್ರಯೋಜನ ಇಲ್ಲ ಅಂತೀನಾ, ಇಲ್ಲ. ವಿಸ್ಕಾನ್ಸಿನ್ ರಾಜ್ಯದಲ್ಲಿ ಸ್ಟೀವನ್ಸ್ ಪಾಯಿಂಟ್ ಅಂತ ಚಿಕ್ಕ ಊರಿನ ಯೂನಿವರ್ಸಿಟಿ, 2018ರ ಮಾರ್ಚಲ್ಲಿ ಇಂಗ್ಲಿಷ್, ಹಿಸ್ಟರಿ, ಫಿಲಾಸಫಿ ಸೇರಿ 13 ಮೇಜರ್ ತೆಗೀತೀವಿ ಅಂದ್ರು. ಹುಡುಗ್ರು ಆಡಳಿತ ಕಚೇರಿ ಓಲ್ಡ್ ಮೇನ್‌ಗೆ ನುಗ್ಗಿ ಕೂತ್ರು. ನವೆಂಬರ್ ಹೊತ್ತಿಗೆ 13 ಹೋಗಿ 6 ಆಯ್ತು, 2019ರ ಏಪ್ರಿಲ್ ಹೊತ್ತಿಗೆ ಯಾವುದನ್ನೂ ತೆಗೆಯಲ್ಲ ಅಂತ ಯೂನಿವರ್ಸಿಟಿ ಮುಖ್ಯಸ್ಥ ಚಾನ್ಸೆಲರ್ರೇ ಹೇಳಿದ್ರು. ಓದೋಕೆ ಚೆನ್ನಾಗಿದೆ ಅಲ್ವಾ. ಆದ್ರೆ ಯಾಕೆ ತೆಗೀಲಿಲ್ಲ ಅಂದ್ರೆ ಆ ಒಂದು ವರ್ಷದಲ್ಲಿ ಬೇಕಾದಷ್ಟು ಮೇಷ್ಟ್ರುಗಳು ರಿಟೈರ್ ಆದ್ರು, ಬೇರೆ ಕೆಲಸ ನೋಡ್ಕೊಂಡ್ರು, ಉಳಿತಾಯ ತಾನಾಗೇ ಆಗ್ಹೋಯ್ತು. ಬೋರ್ಡ್ ಮೇಲೆ ಹೆಸರು ಉಳೀತು, ಒಳಗೆ ಕುರ್ಚಿ ಖಾಲಿ.

ಖಾಲಿ ಕುರ್ಚಿ ಅಂದಾಗ ನಮ್ಮ ಕಡೆ ಮಾತು ಬರಲೇಬೇಕು. 2025ರ ಫೆಬ್ರವರಿಲಿ ಕರ್ನಾಟಕದಲ್ಲಿ ಸಂಪುಟ ಉಪಸಮಿತಿ ಹೊಸದಾಗಿ ಶುರುವಾಗಿದ್ದ ಒಂಬತ್ತು ಯೂನಿವರ್ಸಿಟಿ ಮುಚ್ಚೋ ಪ್ರಸ್ತಾಪ ಇಟ್ಟಾಗ ಹಾವೇರಿ, ಕೊಪ್ಪಳ, ಕೊಡಗು, ಚಾಮರಾಜನಗರ ಎಲ್ಲ ಕಡೆ ಗಲಾಟೆ ಆಯ್ತು, ಪೇಪರಲ್ಲಿ ಬಂತು. ಅದು ಜೋರು ಸದ್ದಿನ ಮುಚ್ಚೋದು. ಸದ್ದಿಲ್ಲದೆ ಮುಚ್ಚೋದು ಬೇರೆ ಇದೆ. ನಾನು ಡಿಗ್ರಿ ಓದಿದ ಕಾಲೇಜಲ್ಲಿ (ಹೆಸರು ಬೇಡ, ತಾಲ್ಲೂಕು ಕೇಂದ್ರದ್ದು) ಎಚ್‌ಇಕೆ ಕಾಂಬಿನೇಷನ್, ಅಂದ್ರೆ ಹಿಸ್ಟರಿ, ಎಕನಾಮಿಕ್ಸ್, ಐಚ್ಛಿಕ ಕನ್ನಡ, ಈ ವರ್ಷದಿಂದ ಇಲ್ಲ ಅಂತ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಲ್ಲಿ ಒಬ್ಬ ಹಾಕಿದ. ನಾನು ಬಿಎಸ್ಸಿ, ಆದ್ರೆ ಆ ಕನ್ನಡ ಕ್ಲಾಸಿನ ಕಿಟಕಿ ನಮ್ಮ ಫಿಸಿಕ್ಸ್ ಲ್ಯಾಬ್ ಪಕ್ಕಕ್ಕೆ ತೆರೀತಿತ್ತು, ಮೇಷ್ಟ್ರು ಹಳಗನ್ನಡ ಪದ್ಯ ಗಟ್ಟಿಯಾಗಿ ಓದೋರು, ವರ್ನಿಯರ್ ರೀಡಿಂಗ್ ತಗೊಳ್ತಾ ತಗೊಳ್ತಾ ನಂಗೆ ಎಷ್ಟೋ ಸಾಲು ಬಾಯಿಪಾಠ ಆಗಿತ್ತು. ನಾನೂ ಆ ಕೋರ್ಸಿನ ಲೆಕ್ಕಕ್ಕೆ ಯಾವತ್ತೂ ಬರದೇ ಇರೋ ಸ್ಟೂಡೆಂಟೇ.

ಗ್ರೂಪಲ್ಲಿ ಏನಾಯ್ತು? ಮೂರು ಅಳೋ ಇಮೋಜಿ, ಒಂದು ಓಂ ಶಾಂತಿ, ಒಬ್ಬ ಇದಕ್ಕೆಲ್ಲ ಇಂಗ್ಲಿಷ್ ಮೀಡಿಯಂ ಕಾರಣ ಅಂದ, ಇನ್ನೊಬ್ಬ ನಿನ್ನ ಮಗ ಯಾವ ಸ್ಕೂಲು ಅಂದ, ಅಲ್ಲಿಗೆ ಜಗಳ ಹಿಡ್ಕೊಂಡು ವಿಷಯ ಮುಗೀತು. ನಮ್ಮ ಕಾಲೇಜಿಗೂ ರಿಜಿಸ್ಟರ್ಡ್ ಹಳೇ ವಿದ್ಯಾರ್ಥಿಗಳ ಸಂಘ ಇದೆ ಕಣ್ರೀ. ಯಾಕಿದೆ ಅಂದ್ರೆ ಕಾಲೇಜುಗಳಿಗೆ ಗ್ರೇಡ್ ಕೊಡೋ ನ್ಯಾಕ್‌ನೋರು ಅಲಮ್ನಿ ಎಂಗೇಜ್‌ಮೆಂಟ್ ಅಂತ ಒಂದು ತಲೆಬರಹ ಇಟ್ಟು ಮಾರ್ಕ್ಸ್ ಕೊಡ್ತಾರೆ, ಅದಕ್ಕೆ. ಅವರ ಪರಿಶೀಲನೆ ತಂಡ, ಪಿಯರ್ ಟೀಮ್, ಬರೋ ವಾರ ಫೋನ್ ಬರುತ್ತೆ, ಬಿಳಿ ಶರ್ಟ್ ಹಾಕ್ಕೊಂಡು ಬನ್ನಿ ಸರ್, ಎರಡು ಮಾತು ಒಳ್ಳೇದು ಹೇಳಿ ಅಂತ. ಹೋಗ್ತಾರೆ, ಹೇಳ್ತಾರೆ, ಮೈಸೂರ್‌ಪಾಕ್ ತಿಂದು ಬರ್ತಾರೆ. ಕಾಂಬಿನೇಷನ್ ತೆಗೆಯುವಾಗ ಮಾತ್ರ ಯಾರೂ ಫೋನ್ ಮಾಡಲ್ಲ.

ಮಾರ್ಗನ್‌ಟೌನ್ ಹುಡುಗ್ರು ಸೋತ್ರೂ ಒಂದು ಕೆಲಸ ಮಾಡಿದ್ರು, ಲೆಕ್ಕ ಕೇಳಿದ್ರು. ಖಜಾನೆಲಿ ಎಷ್ಟಿದೆ, ಸಾಲ ಯಾವಾಗ ಮಾಡಿದ್ರಿ, ಯಾರನ್ನ ಎಣಿಸಿದ್ರಿ ಯಾರನ್ನ ಬಿಟ್ರಿ ಅಂತ. ಮೇಲೆ ಬರೆದ ಅರ್ಧ ಅಂಕಿ ಸಂಖ್ಯೆ ನಮ್ಮಂಥ ಹೊರಗಿನೋರ ಕಣ್ಣಿಗೆ ಬಿದ್ದಿದ್ದು ಅವರು ಹಂಗೆ ಬೀದಿಲಿ ನಿಂತು ಕೇಳಿದ್ದಕ್ಕೆ. ನಮ್ಮ ಕಾಲೇಜು ಸರ್ಕಾರಿ, ನಮಗೆ ಅದಕ್ಕಿಂತ ಸುಲಭ, ಆರ್‌ಟಿಐ ಇದೆ, ಹತ್ತು ರೂಪಾಯಿ ಫೀಸು. ಎಚ್‌ಇಕೆಗೆ ಹತ್ತು ವರ್ಷದಿಂದ ವರ್ಷಕ್ಕೆ ಎಷ್ಟು ಅರ್ಜಿ ಬಂತು, ಎಷ್ಟು ಜನರನ್ನ ತಗೊಂಡ್ರಿ, ಕನ್ನಡಕ್ಕೆ ಮಂಜೂರಾದ ಹುದ್ದೆ ಎಷ್ಟು, ಅದರಲ್ಲಿ ಖಾಯಂ ಮೇಷ್ಟ್ರು ಕೊನೇ ಸಲ ಯಾವಾಗ ಇದ್ರು, ಗೆಸ್ಟ್ ಲೆಕ್ಚರರ್‌ಗಳು ವರ್ಷದಲ್ಲಿ ಎಷ್ಟು ತಿಂಗಳು ಪಾಠ ಮಾಡಿದ್ರು. ಹುಡುಗ್ರು ಇಲ್ಲ ಅಂತ ಮೇಷ್ಟ್ರು ಹೋದ್ರಾ, ಮೇಷ್ಟ್ರು ಇಲ್ಲ ಅಂತ ಹುಡುಗ್ರು ಹೋದ್ರಾ ಅನ್ನೋದು ಈ ಪ್ರಶ್ನೆಗಳಿಗೆ ಉತ್ತರ ಬಂದ್ರೆ ಗೊತ್ತಾಗುತ್ತೆ. ಡ್ರಾಫ್ಟ್ ಟೈಪ್ ಮಾಡಿ ಇಟ್ಟಿದೀನಿ, ಊರಲ್ಲಿರೋ ಯಾರಾದ್ರೂ ಒಬ್ಬರು ಸೈನ್ ಹಾಕಿ ಕೊಡೋರು ಬೇಕು. ಗ್ರೂಪಲ್ಲಿ ಇರೋರು ಇದನ್ನ ಓದ್ತಿದ್ರೆ ಇಮೋಜಿ ಬೇಡ, ಮೆಸೇಜ್ ಮಾಡಿ.